ಘಟ್ಟದ ಏರು ಮತ್ತು ಚಕ್ರದೊಳಗಿನ ಮೋಟಾರು

(ಬಳಗದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಮಣ್ಣು, ಗೊಬ್ಬರ, ಅಡಿಕೆಯ ಕೊಳೆರೋಗ ಇವುಗಳ ಬಗ್ಗೆ ಮಾತನಾಡುವ ನನ್ನನ್ನು ಈ ಸಲ ಮೋಟಾರಿನ ವಿಷಯ ಮಾತನಾಡಲು ಕರೆದಿದ್ದೀರಿ. ಇದಕ್ಕೆ ಕಾರಣ ನಮ್ಮ ಸೀಮೆಯ ಮನೆಮನೆಯಲ್ಲಿ ಕೇಳಿಬರುತ್ತಿರುವ ಒಂದು ಪ್ರಶ್ನೆ. ಬಯಲುಸೀಮೆಯ ನೆಂಟರು ಒಮ್ಮೆ ಚಾರ್ಜು ಮಾಡಿ ಓಡಿಸುವಷ್ಟು ದೂರವನ್ನು ಅದೇ ವಿದ್ಯುತ್ ಸ್ಕೂಟರು ನಮ್ಮಲ್ಲಿ ಏಕೆ ಓಡುವುದಿಲ್ಲ? ಏರಿನಲ್ಲಿ ಅಷ್ಟು ನಿಧಾನವಾಗಿ ಹೋದರೂ ಹಿಂದಿನ ಚಕ್ರದ ನಡುಭಾಗ ಕೈಯಿಡಲಾಗದಷ್ಟು ಕಾಯುವುದೇಕೆ? ಮಾರಾಟ ಮಾಡುವವರು ಹೇಳಿ ಕಳಿಸುವ ಮಾತು ಸಾಮಾನ್ಯವಾಗಿ ಒಂದೇ: "ಏರಿನಲ್ಲಿ ಆದಷ್ಟು ನಿಧಾನ ಹೋಗಿ, ಮೋಟಾರಿಗೆ ಶ್ರಮವಾಗುವುದಿಲ್ಲ." ಪೆಟ್ರೋಲ್ ಬೈಕನ್ನು ಒಂದನೇ ಗೇರಿಗೆ ಹಾಕಿ ಏರಿಸಿ ಅಭ್ಯಾಸವಿರುವ ನಮಗೆ ಆ ಮಾತು ಸಹಜವೆನಿಸುತ್ತದೆ. ಆದರೆ ಚಕ್ರದೊಳಗೇ ಕುಳಿತ ಮೋಟಾರಿನ ಮಟ್ಟಿಗೆ ಅದು ಬಹುಪಾಲು ತಪ್ಪು. ಏಕೆ ತಪ್ಪು ಎಂಬುದನ್ನು ಸ್ವಲ್ಪ ಲೆಕ್ಕ ಹಾಕಿಯೇ ನೋಡೋಣ. ಹತ್ತನೇ ತರಗತಿಯ ವಿಜ್ಞಾನಕ್ಕಿಂತ ಹೆಚ್ಚಿನದೇನೂ ಇದಕ್ಕೆ ಬೇಕಾಗಿಲ್ಲ.

ಗಾಡಿಯ ಚಕ್ರದಲ್ಲಿ ಕಡ್ಡಿಗಳೆಲ್ಲ ಬಂದು ಸೇರುವ ನಡುವಿನ ಗುಂಬವಿದೆಯಲ್ಲ, ಅದನ್ನೇ ಮೋಟಾರನ್ನಾಗಿ ಮಾಡಿದರೆ ಹಬ್ ಮೋಟಾರು. ಇದು ಹೊಸ ಕಲ್ಪನೆಯಲ್ಲ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಫರ್ಡಿನೆಂಡ್ ಪೋರ್ಷೆ ರೂಪಿಸಿದ ಕಾರಿನ ಮುಂಚಕ್ರಗಳಲ್ಲಿ ಇಂಥ ಮೋಟಾರುಗಳಿದ್ದವು. ಇಂದಿನ ಸ್ಕೂಟರಿನಲ್ಲಿ ಅಚ್ಚಿಗೆ ಬಿಗಿದ ಉಕ್ಕಿನ ಹಲ್ಲುಗಳ ಮೇಲೆ ತಾಮ್ರದ ತಂತಿಯ ಸುರುಳಿಗಳಿರುತ್ತವೆ, ಅವು ತಿರುಗುವುದಿಲ್ಲ. ಅವುಗಳ ಸುತ್ತ ಒಳಮೈಗೆ ಅಯಸ್ಕಾಂತಗಳನ್ನು ಅಂಟಿಸಿದ ಚಿಪ್ಪು ತಿರುಗುತ್ತದೆ. ಆ ಚಿಪ್ಪೇ ಚಕ್ರ. ನಡುವೆ ಗೇರಿಲ್ಲ, ಸರಪಳಿಯಿಲ್ಲ, ಬೆಲ್ಟಿಲ್ಲ. ಸವೆಯುವ ಭಾಗಗಳು ಕಡಿಮೆಯೆಂಬುದು ದೊಡ್ಡ ಅನುಕೂಲ. ಆದರೆ ಚಕ್ರ ಒಂದು ಸುತ್ತು ಬಂದಾಗ ಮೋಟಾರೂ ಒಂದೇ ಸುತ್ತು ಬರಬೇಕು. ನಮ್ಮ ಏರುಗಳಲ್ಲಿ ಎದುರಾಗುವ ತೊಂದರೆಯೆಲ್ಲ ಈ ಒಂದು ಕಟ್ಟುಪಾಡಿನಿಂದ ಹುಟ್ಟುತ್ತದೆ.

ಗೊಬ್ಬರದ ಬುಟ್ಟಿ ಹೊತ್ತು ಗುಡ್ಡ ಹತ್ತುವವರನ್ನು ಒಮ್ಮೆ ನೆನೆಯಿರಿ. ದಾರಿಯ ನಡುವೆ ಬುಟ್ಟಿಯನ್ನು ತಲೆಯ ಮೇಲೆಯೇ ಇಟ್ಟುಕೊಂಡು ಕಾಲು ಗಂಟೆ ನಿಂತರೆ ಕೆಲಸವೇನೂ ಆಗುವುದಿಲ್ಲ, ಗೊಬ್ಬರ ಒಂದಡಿಯೂ ಮೇಲೆ ಹೋಗುವುದಿಲ್ಲ. ಆದರೂ ಕುತ್ತಿಗೆ ಸೋಲುತ್ತದೆ, ಮೈ ಬೆವರುತ್ತದೆ. ಹಿಂದಿನವರು ದಾರಿಗಳಲ್ಲಿ ಹೊರೆಗಲ್ಲು ನೆಟ್ಟದ್ದು ಇದಕ್ಕಾಗಿಯೇ. ನಿಲ್ಲುವುದಾದರೆ ಹೊರೆ ಇಳಿಸಿ ನಿಲ್ಲಬೇಕು, ಹೊತ್ತಿರುವಷ್ಟು ಹೊತ್ತು ನಡೆಯುತ್ತಲೇ ಇರಬೇಕು. ಹಬ್ ಮೋಟಾರಿನದೂ ಇದೇ ಸ್ಥಿತಿ. ಅದು ಎಷ್ಟು ಬಲದಿಂದ ಚಕ್ರವನ್ನು ತಿರುಚಬೇಕೋ ಅದಕ್ಕೆ ತಕ್ಕಷ್ಟು ಪ್ರವಾಹ ಸುರುಳಿಯಲ್ಲಿ ಹರಿಯಬೇಕು. ಬಲ ಇಮ್ಮಡಿಯಾದರೆ ಪ್ರವಾಹವೂ ಇಮ್ಮಡಿ. ಚಕ್ರ ವೇಗವಾಗಿ ತಿರುಗುತ್ತಿದೆಯೋ, ಮೆಲ್ಲಗೆ ತಿರುಗುತ್ತಿದೆಯೋ, ನಿಂತೇ ಇದೆಯೋ, ಈ ಸಂಬಂಧ ಬದಲಾಗುವುದಿಲ್ಲ. ತಂತಿಯಲ್ಲಿ ಹುಟ್ಟುವ ಕಾವಾದರೋ ಪ್ರವಾಹದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಪ್ರವಾಹ ಎರಡು ಪಟ್ಟಾದರೆ ಕಾವು ನಾಲ್ಕು ಪಟ್ಟು.

ಈಗ ಅಂಕಿಗಳಿಗೆ ಬರೋಣ. ಇವು ಲೆಕ್ಕದ ಅನುಕೂಲಕ್ಕೆ ನಾನು ಹಿಡಿದ ಅಂಕಿಗಳು, ಯಾವುದೇ ಕಂಪನಿಯ ಸ್ಕೂಟರಿನವಲ್ಲ. ಸ್ಕೂಟರು, ಸವಾರ, ಒಂದು ಸಣ್ಣ ಚೀಲ ಸೇರಿ 200 ಕಿಲೋ ಇರಲಿ. ರಸ್ತೆ ಹತ್ತು ಮೀಟರಿಗೆ ಒಂದು ಮೀಟರು ಏರುತ್ತದೆ. ಹೆದ್ದಾರಿಗಳಲ್ಲಿ ಏರು ಸಾಮಾನ್ಯವಾಗಿ ಇಷ್ಟಿರುವುದಿಲ್ಲ. ಆದರೆ ಹೆದ್ದಾರಿಯಿಂದ ನಮ್ಮ ಮನೆಗಳಿಗೆ ಬರುವ ಕವಲು ದಾರಿಗಳಲ್ಲಿ ಇದಕ್ಕೂ ಕಡಿದಾದ ಏರುಗಳಿವೆ. ಗುರುತ್ವದ ಎದುರು 196 ನ್ಯೂಟನ್, ಡಾಂಬರಿನ ಮೇಲೆ ಟೈರು ಉರುಳುವಾಗಿನ ತಡೆ ಸುಮಾರು 29 ನ್ಯೂಟನ್, ಒಟ್ಟು 225 ನ್ಯೂಟನ್ ಬಲ ಬೇಕು. ಚಕ್ರದ ತ್ರಿಜ್ಯ 22 ಸೆಂ.ಮೀ. ಆದರೆ ಮೋಟಾರು ಸುಮಾರು 50 ನ್ಯೂಟನ್-ಮೀಟರ್ ತಿರುಗುಬಲ ಕೊಡಬೇಕು. ಮೋಟಾರು 48 ವೋಲ್ಟಿನದು, ಒಂದು ಆಂಪಿಯರಿಗೆ ಒಂದು ನ್ಯೂಟನ್-ಮೀಟರ್ ಕೊಡುವಂಥದು, ತಂತಿಯ ರೋಧ 0.15 ಓಮ್ ಎಂದಿಟ್ಟುಕೊಳ್ಳಿ. ಹಾಗಾದರೆ ಸುರುಳಿಯಲ್ಲಿ 50 ಆಂಪಿಯರ್ ಹರಿಯುತ್ತದೆ. ಐವತ್ತರ ವರ್ಗವನ್ನು 0.15ರಿಂದ ಗುಣಿಸಿದರೆ 375 ವ್ಯಾಟ್. ಅಷ್ಟು ಶಕ್ತಿ ಆ ಏರಿನುದ್ದಕ್ಕೂ ತಾಮ್ರವನ್ನು ಕಾಯಿಸುವುದಕ್ಕೇ ವ್ಯಯವಾಗುತ್ತಿರುತ್ತದೆ, ಸ್ಕೂಟರು ಯಾವ ವೇಗದಲ್ಲಾದರೂ ಹೋಗಲಿ.

ಗಂಟೆಗೆ 20 ಕಿ.ಮೀ. ವೇಗದಲ್ಲಿ ಹತ್ತಿದರೆ ಉಪಯುಕ್ತ ಕೆಲಸ 1250 ವ್ಯಾಟ್. ತಾಮ್ರದ ಕಾವು 375, ಉಕ್ಕಿನಲ್ಲಿ ಹೋಗುವುದು ಒಂದೈವತ್ತು. ಅಂದರೆ ಬ್ಯಾಟರಿ ಕೊಟ್ಟದ್ದರಲ್ಲಿ ನೂರಕ್ಕೆ 75 ಪಾಲು ಗುಡ್ಡ ಹತ್ತುವುದಕ್ಕೆ ಒದಗಿತು. ವೇಗವನ್ನು 10 ಕಿ.ಮೀ.ಗೆ ಇಳಿಸಿದರೆ ಕೆಲಸ 625 ವ್ಯಾಟಿಗೆ ಇಳಿಯಿತು, ತಾಮ್ರದ ಕಾವು ಇಳಿಯಲಿಲ್ಲ. ದಕ್ಷತೆ 61ಕ್ಕೆ ಬಂತು. ನಡಿಗೆಯ ವೇಗಕ್ಕೆ, ಎಂದರೆ 5 ಕಿ.ಮೀ.ಗೆ ಇಳಿಸಿದರೆ ಕೆಲಸ 312 ವ್ಯಾಟ್, ಕಾವು ಆಗಲೂ 375. ದಕ್ಷತೆ 45. ಕೆಲಸಕ್ಕಿಂತ ಕಾವೇ ಹೆಚ್ಚಾಯಿತು.

ಅದೇ ಒಂದು ಕಿಲೋಮೀಟರ್ ಏರಿಗೆ ತಗಲುವ ಹೊತ್ತನ್ನೂ ಸೇರಿಸಿ ನೋಡಿ. 20 ಕಿ.ಮೀ. ವೇಗದಲ್ಲಿ ಮೂರು ನಿಮಿಷ, 5 ಕಿ.ಮೀ. ವೇಗದಲ್ಲಿ ಹನ್ನೆರಡು ನಿಮಿಷ. ಕಾವಿನ ದರ ಒಂದೇ ಆದುದರಿಂದ ನಿಧಾನ ಹೋದವರ ಮೋಟಾರಿನೊಳಗೆ ನಾಲ್ಕು ಪಟ್ಟು ಕಾವು ಸೇರಿತು. ಬ್ಯಾಟರಿಯಿಂದ ಮೊದಲಿನವರು ತೆಗೆದದ್ದು ಸುಮಾರು 84 ವ್ಯಾಟ್-ಗಂಟೆ, ಎರಡನೆಯವರು ತೆಗೆದದ್ದು 140. ಇಬ್ಬರೂ ಹತ್ತಿದ್ದು ಒಂದೇ ಗುಡ್ಡ. ಜೋರಾಗಿ ಹೋದಾಗ ಬ್ಯಾಟರಿಯ ಒಳಗೂ ಒಂದಿಷ್ಟು ಹೆಚ್ಚು ನಷ್ಟವಾಗುತ್ತದೆ ಎಂದು ಯಾರಾದರೂ ಆಕ್ಷೇಪಿಸಬಹುದು. ನಿಜ, ಸೀಸ-ಆಮ್ಲದ ಹಳೆಯ ಬ್ಯಾಟರಿಗಳಲ್ಲಿ ಅದು ಎದ್ದು ಕಾಣುತ್ತದೆ. ಆದರೆ ಸುಸ್ಥಿತಿಯ ಲಿಥಿಯಂ ಬ್ಯಾಟರಿಯಲ್ಲಿ ಆ ನಷ್ಟ ಈ ಲೆಕ್ಕವನ್ನು ತಿರುವುಮುರುವು ಮಾಡುವಷ್ಟಿಲ್ಲ.

ಇಲ್ಲೊಂದು ಮೋಸವಿದೆ, ಅದನ್ನು ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. ಸ್ಕೂಟರಿನ ಫಲಕದ ಮೇಲೆ ಆಂಪಿಯರ್ ತೋರಿಸುವ ವ್ಯವಸ್ಥೆಯಿದ್ದರೆ ಅದು ತೋರಿಸುವುದು ಬ್ಯಾಟರಿಯಿಂದ ಹೊರಡುವ ಪ್ರವಾಹವನ್ನು. ಮೇಲಿನ ಲೆಕ್ಕದಲ್ಲಿ 20 ಕಿ.ಮೀ. ವೇಗದಲ್ಲಿ ಅದು 35 ಆಂಪಿಯರ್, 5 ಕಿ.ಮೀ. ವೇಗದಲ್ಲಿ 15 ಆಂಪಿಯರಿಗೂ ಕಡಿಮೆ. ನೋಡಿದವರು ಮೋಟಾರಿಗೆ ಶ್ರಮ ಅರ್ಧಕ್ಕಿಂತ ಕಡಿಮೆಯಾಯಿತು ಎಂದೇ ಭಾವಿಸುತ್ತಾರೆ. ಆದರೆ ನಡುವೆ ಕಂಟ್ರೋಲರ್ ಎಂಬ ಪೆಟ್ಟಿಗೆಯಿದೆ. ಬ್ಯಾಟರಿಯ ಹೆಚ್ಚಿನ ವೋಲ್ಟೇಜನ್ನು ಕಡಿಮೆ ಮಾಡಿ, ಅದಕ್ಕೆ ತಕ್ಕಂತೆ ಪ್ರವಾಹವನ್ನು ಹೆಚ್ಚಿಸಿ ಮೋಟಾರಿಗೆ ಕೊಡುವುದು ಅದರ ಕೆಲಸ. ಬ್ಯಾಟರಿಯಿಂದ 15 ಆಂಪಿಯರ್ ಹೊರಟಾಗಲೂ ಸುರುಳಿಯಲ್ಲಿ ಹರಿಯುತ್ತಿರುವುದು 50. ಬೇಕಾದ ಬಲ ಕಡಿಮೆಯಾಗದೆ ಆ ಐವತ್ತು ಕಡಿಮೆಯಾಗುವಂತಿಲ್ಲ.

ಏರಿನ ತಿರುವಿನಲ್ಲಿ ಎದುರಿನಿಂದ ಬಸ್ಸು ಬಂತೆಂದು ನಿಲ್ಲಿಸಿ, ಬ್ರೇಕು ಹಿಡಿಯದೆ ಆಕ್ಸಿಲರೇಟರನ್ನೇ ತುಸು ತಿರುಗಿಸಿ ಗಾಡಿ ಹಿಂದೆ ಜಾರದಂತೆ ತಡೆಹಿಡಿಯುವ ಅಭ್ಯಾಸ ನಮ್ಮ ಹುಡುಗರಲ್ಲಿ ಹಲವರಿಗಿದೆ. ಇದು ಬುಟ್ಟಿ ಹೊತ್ತು ನಿಂತವರ ಸ್ಥಿತಿಯೇ. ದಕ್ಷತೆ ಸೊನ್ನೆ, ಕೊಟ್ಟದ್ದೆಲ್ಲವೂ ಕಾವು. ಚಕ್ರ ನಿಂತಿರುವುದರಿಂದ ಸುರುಳಿಗಳ ಮೂರು ಗುಂಪುಗಳಿಗೆ ಸರದಿಯಂತೆ ಹಂಚಿಹೋಗಬೇಕಾದ ಪ್ರವಾಹ ಒಂದೆರಡು ಗುಂಪುಗಳಲ್ಲೇ ನಿಂತುಬಿಡುತ್ತದೆ. ದಯವಿಟ್ಟು ಬ್ರೇಕು ಹಿಡಿಯಿರಿ.

ಇನ್ನು ಹೊರೆಯ ಮಾತು. ಅದೇ ಸ್ಕೂಟರಿನಲ್ಲಿ ಹಿಂದೆ ಇನ್ನೊಬ್ಬರು ಕುಳಿತು, ಕಾಲ ಬಳಿ 40 ಕಿಲೋ ಮೂಟೆ ಇಟ್ಟುಕೊಂಡರೆ ಒಟ್ಟು 300 ಕಿಲೋ. ತೂಕ ಒಂದೂವರೆ ಪಟ್ಟಾಯಿತು, ಪ್ರವಾಹ 75 ಆಂಪಿಯರ್ ಆಯಿತು. ಕಾವು ಮಾತ್ರ 375ರಿಂದ ಸುಮಾರು 844 ವ್ಯಾಟಿಗೆ, ಎಂದರೆ ಎರಡೂಕಾಲು ಪಟ್ಟಿಗೆ ಹಾರಿತು. ಮೂಟೆಯನ್ನು ಇನ್ನೊಂದು ಸುತ್ತಿನಲ್ಲಿ ತಂದರೆ ವ್ಯರ್ಥವಾಯಿತು ಎಂದು ನಮಗೆ ತೋರುತ್ತದೆ. ಒಟ್ಟು ವಿದ್ಯುತ್ತಿನ ಲೆಕ್ಕದಲ್ಲಿ ಎರಡು ಸುತ್ತು ಹೆಚ್ಚೇ ಆಗಬಹುದು, ಸ್ಕೂಟರಿನ ಸ್ವಂತ ತೂಕವನ್ನು ಎರಡು ಸಲ ಹತ್ತಿಸಬೇಕಲ್ಲ. ಆದರೆ ಮೋಟಾರಿನ ಆಯುಸ್ಸಿನ ಲೆಕ್ಕವೇ ಬೇರೆ. ಕಡಿದಾದ ಕೊನೆಯ ಮುನ್ನೂರು ಮೀಟರಿನಲ್ಲಿ ಹಿಂದೆ ಕುಳಿತವರು ಇಳಿದು ನಡೆದರೆ ಆಗುವ ಉಪಕಾರ ಅಂದಾಜಿಗಿಂತ ಬಹಳ ದೊಡ್ಡದು.

ಕಾವು ಏಕೆ ಅಷ್ಟು ಕೆಟ್ಟದ್ದು? ತಾಮ್ರ ಕಾದಂತೆ ಅದರ ರೋಧವೂ ಹೆಚ್ಚುತ್ತದೆ. ನೂರು ಡಿಗ್ರಿ ಏರಿದರೆ ರೋಧ ನೂರಕ್ಕೆ ಸುಮಾರು 39ರಷ್ಟು ಹೆಚ್ಚು. ರೋಧ ಹೆಚ್ಚಿದರೆ ಅದೇ ಪ್ರವಾಹಕ್ಕೆ ಮತ್ತಷ್ಟು ಕಾವು. ಅಯಸ್ಕಾಂತಗಳದು ಇನ್ನೊಂದು ಕಥೆ. ಸಾಮಾನ್ಯ ದರ್ಜೆಯ ನಿಯೋಡಿಮಿಯಮ್ ಅಯಸ್ಕಾಂತ 80 ಡಿಗ್ರಿ ದಾಟಿದರೆ ಶಾಶ್ವತವಾಗಿ ಬಲ ಕಳೆದುಕೊಳ್ಳುವ ಭಯವಿದೆ, ಅದಕ್ಕೂ ಹೆಚ್ಚು ತಾಳುವ ದರ್ಜೆಗಳಿಗೆ ಬೆಲೆಯೂ ಹೆಚ್ಚು. ಅಯಸ್ಕಾಂತ ದುರ್ಬಲವಾದರೆ ಅದೇ ಏರಿಗೆ ಹೆಚ್ಚು ಪ್ರವಾಹ ಬೇಕು, ಹೆಚ್ಚು ಪ್ರವಾಹದಿಂದ ಹೆಚ್ಚು ಕಾವು. ಇದು ಒಮ್ಮೆ ಹಿಡಿದರೆ ಬಿಡದ ರೋಗ. ಹಬ್ ಮೋಟಾರಿನಲ್ಲಿ ಕಾಯುವ ತಾಮ್ರ ನಡುವೆ ಇದೆ, ಗಾಳಿ ತಾಗುವ ಚಿಪ್ಪು ಹೊರಗಿದೆ, ಎರಡರ ನಡುವೆ ತೆಳುವಾದ ಗಾಳಿಯ ಪದರವಿದೆ. ಕಾವು ಹೊರಬರುವ ದಾರಿಯೇ ಇಕ್ಕಟ್ಟು. ಗಾಳಿಕಿಂಡಿ ಕೊರೆಯೋಣವೆಂದರೆ ನಮ್ಮ ಮಳೆಗಾಲ ಬಿಡುವುದಿಲ್ಲ. ಆದುದರಿಂದ ನೀವು ಚಿಪ್ಪನ್ನು ಮುಟ್ಟಿ ಬಿಸಿ ನೋಡುವಾಗ ಒಳಗಿನ ತಾಮ್ರ ಅದಕ್ಕಿಂತ ಬಹಳ ಹೆಚ್ಚು ಕಾದಿರುತ್ತದೆ.

ಹಾಗಾದರೆ ಜೋರಾಗಿ ಹೋದಷ್ಟೂ ಒಳ್ಳೆಯದೇ ಎಂದು ಹಿಂದಿನ ಸಾಲಿನ ವಿದ್ಯಾರ್ಥಿಗಳು ನಗುತ್ತಿರುವುದು ಕಾಣುತ್ತಿದೆ. ಹಾಗಲ್ಲ. ವೇಗ ಹೆಚ್ಚಿದಂತೆ ಉಕ್ಕಿನ ಹಲ್ಲುಗಳಲ್ಲಿ ಅಯಸ್ಕಾಂತೀಯತೆ ಹಿಂದುಮುಂದಾಗುವ ಸಂಖ್ಯೆ ಹೆಚ್ಚುತ್ತದೆ, ಒಳಗೆ ಸುಳಿ ಪ್ರವಾಹಗಳು ಹುಟ್ಟುತ್ತವೆ. ಆ ನಷ್ಟ ವೇಗದೊಡನೆ ಬೆಳೆಯುತ್ತದೆ. ಹೊರೆಯೇ ಇಲ್ಲದೆ ಸ್ಟ್ಯಾಂಡ್ ಹಾಕಿ ಚಕ್ರ ತಿರುಗಿಸಿದಾಗ ಬ್ಯಾಟರಿ ಖರ್ಚಾಗುವುದು ಬಹುಪಾಲು ಇದರಿಂದಲೇ. ಆಗಲೂ ದಕ್ಷತೆ ಸೊನ್ನೆಯೇ, ಉಪಯುಕ್ತ ಕೆಲಸ ನಡೆಯುತ್ತಿಲ್ಲವಷ್ಟೆ. ಹಾಗಾಗಿ ದಕ್ಷತೆಯ ರೇಖೆಯನ್ನು ಬರೆದರೆ ಅದೂ ಒಂದು ಗುಡ್ಡದಂತೆ ಕಾಣುತ್ತದೆ. ನಿಂತ ಚಕ್ರದಲ್ಲಿ ಸೊನ್ನೆ, ಬರಿಚಕ್ರದ ಪೂರ್ಣ ವೇಗದಲ್ಲಿ ಮತ್ತೆ ಸೊನ್ನೆ, ನಡುವೆ ಶಿಖರ. ಪೂರ್ಣ ವೋಲ್ಟೇಜಿನಲ್ಲಿ ಆ ಶಿಖರ ಬರಿಚಕ್ರದ ವೇಗದ ಮುಕ್ಕಾಲರ ಆಚೆ ಇರುತ್ತದೆ, ಒಳ್ಳೆಯ ಮೋಟಾರಿನಲ್ಲಿ ಅಲ್ಲಿ ನೂರಕ್ಕೆ 85ರ ಮೇಲೆ ದಕ್ಷತೆ ಸಿಗುತ್ತದೆ. ಹೊರೆ ಹೆಚ್ಚಿ ಆ ವೇಗ ಅರ್ಧಕ್ಕೆ ಇಳಿದರೆ ದಕ್ಷತೆ ಅರ್ಧಕ್ಕಿಂತಲೂ ಕೆಳಗಿಳಿಯುತ್ತದೆ. ಸಮತಟ್ಟು ದಾರಿಯಲ್ಲಿ ಗಾಳಿಯ ಮಾತೂ ಇದೆ. ವೇಗ 25ರಿಂದ 50ಕ್ಕೆ ಏರಿದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಅಲ್ಲಿ ಮೋಟಾರು ಎಷ್ಟು ದಕ್ಷವಾಗಿದ್ದರೂ ಬ್ಯಾಟರಿ ಬೇಗ ಬರಿದಾಗುತ್ತದೆ. ಆದುದರಿಂದ ಸಮತಟ್ಟಿನಲ್ಲಿ ಹದವಾದ ನಿಧಾನ, ಏರಿನಲ್ಲಿ ದಾರಿ ಮತ್ತು ತಿರುವು ಒಪ್ಪುವಷ್ಟು ಚುರುಕು. ಪೆಟ್ರೋಲ್ ಬೈಕಿನವರ ಅಭ್ಯಾಸಕ್ಕೆ ಇದು ತದ್ವಿರುದ್ಧ.

ಕೊಳ್ಳುವ ಮುಂಚೆ ವಿಚಾರಿಸಬೇಕಾದ ಒಂದು ಅಂಶವಿದೆ. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಮೋಟಾರಿನ 30 ನಿಮಿಷಗಳ ಸಾಮರ್ಥ್ಯ 0.25 ಕಿಲೋವ್ಯಾಟಿಗಿಂತ ಕಡಿಮೆ, ಗರಿಷ್ಠ ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ ಇರುವ ಹಗುರ ವಾಹನಗಳಿಗೆ ನೋಂದಣಿಯ ಅಗತ್ಯವಿಲ್ಲ. ಅಗ್ಗವೆಂದು, ಲೈಸೆನ್ಸ್ ಬೇಡವೆಂದು ಅನೇಕರು ಇವನ್ನೇ ತರುತ್ತಾರೆ. ಸಮತಟ್ಟಾದ ಊರಿನೊಳಗೆ ಇವು ಸೊಗಸಾದ ವಾಹನಗಳು. ಆದರೆ ನಮ್ಮ ಲೆಕ್ಕದ ಏರಿನಲ್ಲಿ 225 ನ್ಯೂಟನ್ ಬೇಕಲ್ಲ, 250 ವ್ಯಾಟನ್ನು ಅದರಿಂದ ಭಾಗಿಸಿ ನೋಡಿ. ಸೆಕೆಂಡಿಗೆ 1.1 ಮೀಟರ್, ಗಂಟೆಗೆ 4 ಕಿ.ಮೀ. ನಡೆದು ಹೋಗುವವರೂ ಮುಂದೆ ಹೋಗುತ್ತಾರೆ. ಅದಕ್ಕಿಂತ ಜೋರಾಗಿ ಹತ್ತಿಸಿದರೆ ಮೋಟಾರು ತನ್ನ ಸಾಮರ್ಥ್ಯ ಮೀರಿ ದುಡಿಯುತ್ತಿದೆ ಎಂದರ್ಥ. ಅಲ್ಪ ಹೊತ್ತು ಅದು ತಡೆದುಕೊಳ್ಳುತ್ತದೆ, ನಾಲ್ಕೈದು ಕಿಲೋಮೀಟರ್ ಘಟ್ಟದಲ್ಲಿ ತಡೆದುಕೊಳ್ಳುವುದಿಲ್ಲ.

ಹಬ್ ಮೋಟಾರನ್ನೇ ದೂರುವುದೂ ಸರಿಯಲ್ಲ. 2020ರಲ್ಲಿ ಬಂದ ಟಿ.ವಿ.ಎಸ್. ಐಕ್ಯೂಬಿನಲ್ಲಿ ಇರುವುದು ಹಬ್ ಮೋಟಾರೇ, ಆದರೆ 4.4 ಕಿಲೋವ್ಯಾಟಿನದು. ದಪ್ಪ ತಾಮ್ರ, ಕಡಿಮೆ ರೋಧ, ಹೆಚ್ಚು ಅಯಸ್ಕಾಂತ ಇದ್ದರೆ ಅದೇ ಬಲಕ್ಕೆ ಕಡಿಮೆ ಕಾವು. 2018ರಲ್ಲಿ ಬಂದ ಏಥರ್ 450ರಲ್ಲಿ ಮೋಟಾರು ಚಕ್ರದ ಹೊರಗಿದ್ದು ಬೆಲ್ಟಿನ ಮೂಲಕ ಚಕ್ರವನ್ನು ತಿರುಗಿಸುತ್ತದೆ. ಅಲ್ಲಿ ಚಕ್ರ ಒಂದು ಸುತ್ತು ಬರುವಾಗ ಮೋಟಾರು ಹಲವು ಸುತ್ತು ಬರುತ್ತದೆ, ಆದ್ದರಿಂದ ಚಕ್ರ ಮೆಲ್ಲಗೆ ಹೋದರೂ ಮೋಟಾರು ತನ್ನ ದಕ್ಷತೆಯ ಶಿಖರದ ಹತ್ತಿರ ಇರಬಲ್ಲದು. ಕಡಿದಾದ ಕವಲು ದಾರಿಯ ಕೊನೆಯಲ್ಲಿ ಮನೆ ಇರುವವರು ಬೆಲೆ, ಬಣ್ಣ ಕೇಳುವುದಕ್ಕಿಂತ ಮುಂಚೆ ಮೋಟಾರು ಎಲ್ಲಿದೆ, ನಡುವೆ ಗೇರು ಅಥವಾ ಬೆಲ್ಟು ಇದೆಯೇ, ನಿರಂತರ ಸಾಮರ್ಥ್ಯ ಎಷ್ಟು ಎಂದು ಕೇಳಬೇಕು. ಗರಿಷ್ಠ ಸಾಮರ್ಥ್ಯದ ಅಂಕಿ ಕೆಲವು ಸೆಕೆಂಡುಗಳ ಮಾತು, ಅದನ್ನು ನಂಬಿ ಘಟ್ಟ ಹತ್ತಲಾಗದು.

ನನ್ನ ಕ್ಷೇತ್ರಕ್ಕೆ ಹತ್ತಿರವಾದ ಪ್ರಶ್ನೆ ತೋಟದ ಗಾಡಿಯದು. ಕೂಲಿಯಾಳುಗಳು ಸಿಗದ ಕಾಲದಲ್ಲಿ ಅಡಿಕೆ ಗೊನೆ, ಗೊಬ್ಬರ, ಸೊಪ್ಪು ಸಾಗಿಸಲು ಮೋಟಾರಿನ ಕೈಗಾಡಿಗೆ ಬೇಡಿಕೆಯಿದೆ. ಹಳೆಯ ಸ್ಕೂಟರಿನ ಹಬ್ ಮೋಟಾರನ್ನು ಕೈಗಾಡಿಗೆ ಜೋಡಿಸುವ ಪ್ರಯತ್ನವನ್ನೂ ನಮ್ಮ ಯುವಕರು ಮಾಡುತ್ತಿದ್ದಾರೆ. ಉತ್ಸಾಹ ಮೆಚ್ಚತಕ್ಕದ್ದು, ಆದರೆ ಲೆಕ್ಕ ಹೀಗಿದೆ. ಗಾಡಿ ಮತ್ತು ಹೊರೆ ಸೇರಿ 160 ಕಿಲೋ, ಐದಕ್ಕೆ ಒಂದರ ಏರು, ಮೆತ್ತನೆಯ ನೆಲ. ನೆಲದ ಉರುಳು ತಡೆ ತೂಕದ ಹತ್ತನೇ ಒಂದು ಪಾಲು ಎಂದು ಹಿಡಿದರೆ ಒಟ್ಟು ಬೇಕಾದ ಬಲ ಸುಮಾರು 470 ನ್ಯೂಟನ್, ಸ್ಕೂಟರಿಗೆ ಬೇಕಾದುದರ ಎರಡು ಪಟ್ಟಿಗೂ ಮಿಕ್ಕಿ. ವೇಗವಾದರೋ ಹಿಂದೆ ನಡೆಯುವವರ ವೇಗ, ಗಂಟೆಗೆ 3 ಕಿ.ಮೀ. ಕೆಲಸ ಕೇವಲ 390 ವ್ಯಾಟ್. ಆದರೆ 20 ಸೆಂ.ಮೀ. ತ್ರಿಜ್ಯದ ಚಕ್ರದಲ್ಲಿ ನಮ್ಮ ಹಳೆಯ ಮೋಟಾರಿಗೆ 94 ಆಂಪಿಯರ್ ಬೇಕು, ಕಾವು 1300 ವ್ಯಾಟಿನ ಮೇಲೆ. ದಕ್ಷತೆ ಕಾಲು ಭಾಗಕ್ಕೂ ಕಡಿಮೆ. ಇದು ಗಾಡಿಯಲ್ಲ, ಒಲೆ. ಅದೇ ಮೋಟಾರಿನಿಂದ ಐದಕ್ಕೆ ಒಂದರ ಅನುಪಾತದ ಸರಪಳಿ ಹಾಕಿ ಚಕ್ರವನ್ನು ತಿರುಗಿಸಿದರೆ ಪ್ರವಾಹ 19 ಆಂಪಿಯರಿಗೆ ಇಳಿಯುತ್ತದೆ, ಕಾವು 55 ವ್ಯಾಟಿನ ಆಸುಪಾಸಿಗೆ. ಸರಪಳಿಯಲ್ಲಿ ಒಂದಿಷ್ಟು ನಷ್ಟವಾದರೂ ಹೋಲಿಕೆಯೇ ಇಲ್ಲ. ಸೈಕಲ್ ರಿಪೇರಿಯವರ ಬಳಿ ಸಿಗುವ ದೊಡ್ಡ ಚಿಕ್ಕ ಹಲ್ಲುಚಕ್ರಗಳಿಂದಲೇ ಎರಡು ಹಂತದಲ್ಲಿ ಇದನ್ನು ಜೋಡಿಸಬಹುದು, ಆದರೆ ಸರಪಳಿ ಹೊರೆಗೆ ತಕ್ಕಷ್ಟು ಗಟ್ಟಿಯಿರಬೇಕು. ಒಳಗೇ ಗೇರು ಇರುವ ಹಬ್ ಮೋಟಾರುಗಳೂ ಇವೆ. ಚಕ್ರ ಚಿಕ್ಕದಿದ್ದಷ್ಟೂ ಒಳ್ಳೆಯದು, ನೆಲ ಒಪ್ಪುವುದಾದರೆ.

ಇಳಿಜಾರಿನ ಮಾತನ್ನೂ ಕೆಲವರು ಕೇಳಿದ್ದಾರೆ. ಹತ್ತುವಾಗ ಹೋದದ್ದು ಇಳಿಯುವಾಗ ಮರಳಿ ಬರುವುದಿಲ್ಲವೇ? ಒಂದಂಶ ಬರುತ್ತದೆ. ಒಳಗೆ ಗೇರು ಮತ್ತು ಫ್ರೀವೀಲ್ ಇರುವ ಹಬ್ ಮೋಟಾರಿನಲ್ಲಿ ಬರುವುದಿಲ್ಲ, ನೇರ ಜೋಡಣೆಯದರಲ್ಲಿ ಕಂಟ್ರೋಲರ್ ಒಪ್ಪಿದರೆ ಬರುತ್ತದೆ. ಅದೇ ಏರನ್ನು 20 ಕಿ.ಮೀ. ವೇಗದಲ್ಲಿ, ಬ್ರೇಕಿನ ಬದಲು ಮೋಟಾರಿನಿಂದಲೇ ತಡೆಯುತ್ತ ಇಳಿದರೆ ಹೆಚ್ಚೆಂದರೆ 30 ವ್ಯಾಟ್-ಗಂಟೆ ಮರಳೀತು. 5 ಕಿ.ಮೀ. ವೇಗದಲ್ಲಿ ಇಳಿದರೆ ಮರಳುವುದೆಲ್ಲ ತಾಮ್ರದಲ್ಲೇ ಕರಗಿ ಬಹುತೇಕ ಏನೂ ಉಳಿಯದು. ಅನೇಕ ಸ್ಕೂಟರುಗಳು ಮರಳುವ ಪ್ರವಾಹಕ್ಕೆ ಸಣ್ಣ ಮಿತಿ ಹಾಕಿರುವುದರಿಂದ ನಿಜದಲ್ಲಿ ಇನ್ನೂ ಕಡಿಮೆ. ಗುಡ್ಡದ ತುದಿಯಲ್ಲಿ ಮನೆಯಿರುವವರು ಒಂದು ಎಚ್ಚರಿಕೆ ಗಮನಿಸಬೇಕು. ರಾತ್ರಿಯಿಡೀ ಚಾರ್ಜಿಗಿಟ್ಟು ಬ್ಯಾಟರಿ ತುಂಬಿದ್ದರೆ ಬೆಳಿಗ್ಗೆ ಇಳಿಯುವಾಗ ಮರಳುವ ವಿದ್ಯುತ್ತಿಗೆ ಜಾಗವೇ ಇರುವುದಿಲ್ಲ. ಕಂಟ್ರೋಲರ್ ಮೋಟಾರಿನ ತಡೆಯನ್ನು ನಿಲ್ಲಿಸಿಬಿಡುತ್ತದೆ, ದಿನವೂ ಸಿಗುತ್ತಿದ್ದ ತಡೆ ಅಂದು ಸಿಗುವುದಿಲ್ಲ. ಕೈಬ್ರೇಕುಗಳು ಸುಸ್ಥಿತಿಯಲ್ಲಿರಲಿ, ಚಾರ್ಜನ್ನು ಹತ್ತನೇ ಒಂದು ಪಾಲು ಖಾಲಿ ಬಿಡಲು ಸಾಧ್ಯವಿದ್ದರೆ ಬಿಡಿ.

ಇಷ್ಟು ಸಣ್ಣ ವ್ಯಾಟ್-ಗಂಟೆಗಳ ಬಗ್ಗೆ ಇಷ್ಟು ಚರ್ಚೆ ಏಕೆ ಎಂದು ಕೇಳಬಹುದು. 1964ರಲ್ಲಿ ಲಿಂಗನಮಕ್ಕಿಯಲ್ಲಿ ಶರಾವತಿಯ ನೀರು ನಿಂತಾಗ ಮುಳುಗಿದ ಊರುಗಳವರ ಮಕ್ಕಳು, ಮೊಮ್ಮಕ್ಕಳು ಈ ಸಭೆಯಲ್ಲಿಯೇ ಇದ್ದಾರೆ. ವಿದ್ಯುತ್ ಸ್ಕೂಟರಿಗೆ ಹೊಗೆ ಇಲ್ಲವೆಂದ ಮಾತ್ರಕ್ಕೆ ಅದು ಪುಕ್ಕಟೆಯಾಗಿ ಓಡುತ್ತದೆ ಎಂದು ಅವರೆದುರು ಹೇಳಲು ನನಗೆ ನಾಲಗೆ ಬಾರದು.

ವಿದ್ಯಾರ್ಥಿಗಳಿಗೆ ಒಂದು ಕೆಲಸ ಹೇಳಿ ನಿಲ್ಲಿಸುತ್ತೇನೆ. ಗಾರೆ ಕೆಲಸದವರು ಮಟ್ಟ ನೋಡುವ ನೀರು ತುಂಬಿದ ಪಾರದರ್ಶಕ ಕೊಳವೆ, ಒಂದು ಅಳತೆಪಟ್ಟಿ, ಇಷ್ಟಿದ್ದರೆ ನಿಮ್ಮ ಮನೆಯ ದಾರಿಯ ಏರನ್ನು ನೀವೇ ಅಳೆಯಬಹುದು. ಹತ್ತು ಹತ್ತು ಮೀಟರಿಗೆ ಎಷ್ಟು ಏರಿತು ಎಂದು ಬರೆದುಕೊಳ್ಳಿ. ನೂರು ಕಿಲೋ ತೂಕಕ್ಕೆ, ನೂರಕ್ಕೆ ಒಂದರಂತೆ ಏರಿದರೆ ಬೇಕಾದ ಬಲ ಸುಮಾರು 10 ನ್ಯೂಟನ್. ಅದರ ಮೇಲೆ ಡಾಂಬರಾದರೆ ನೂರು ಕಿಲೋಗೆ 15 ನ್ಯೂಟನ್ ಕೂಡಿಸಿ, ಮಣ್ಣುದಾರಿಯಾದರೆ ಅದರ ಇಮ್ಮಡಿ ಅಥವಾ ಹೆಚ್ಚು, ಟೈರಿನಲ್ಲಿ ಗಾಳಿ ಕಡಿಮೆಯಿದ್ದರೆ ಇನ್ನೂ ಹೆಚ್ಚು. ಬಂದ ಮೊತ್ತವನ್ನು ಚಕ್ರದ ತ್ರಿಜ್ಯದಿಂದ ಗುಣಿಸಿ. ಪ್ರತಿ ಊರಿನ ಅತ್ಯಂತ ಕಡಿದಾದ ಐವತ್ತು ಮೀಟರಿನ ಅಂಕಿ ಮುಂದಿನ ಸಭೆಗೆ ಬರಲಿ. ಸ್ಕೂಟರು ಕೊಳ್ಳಬೇಕೆಂದಿರುವವರು ಆ ಅಂಕಿಯನ್ನು ಚೀಟಿಯಲ್ಲಿ ಬರೆದುಕೊಂಡು ಅಂಗಡಿಗೆ ಹೋಗಬಹುದು.